ಪಿರಿತ್ ಹುಡುಕಿಕೊಂಡು ಖಾನಾಪುರಕ್ಕೆ

ವಿದೇಶಕ್ಕೆ ಹೋಗಿಬಂದ ಕಥೆಯನ್ನು ಹೋದವರೇ ಬರೆಯಬೇಕು. ನಮ್ಮ ಮನೆಯಲ್ಲಿ ವಿದೇಶಕ್ಕೆ ಬಂದವರು ನನ್ನ ಅತ್ತೆ ಸೋಮಾವತಿ. ಅವರಿಗೆ ಬರೆಯಲು ಬರುವುದು ಸಿಂಹಳದಲ್ಲಿ ಮಾತ್ರ. ಉದ್ದಕ್ಕೂ ಜೊತೆಗಿದ್ದವಳು ನಾನು, ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂದಿದೆ.

ನಾನು ಮಂಡ್ಯದವಳು. ಮೈಸೂರಿನಲ್ಲಿ ನನ್ನ ಜೊತೆ ಓದುತ್ತಿದ್ದ ನಿಮಲ್‌ನನ್ನು ಮದುವೆಯಾಗಿ ಶ್ರೀಲಂಕಾದ ಕ್ಯಾಂಡಿ ಹತ್ತಿರದ ಊರಿನಲ್ಲಿ ಹದಿನಾಲ್ಕು ವರ್ಷ ಬಾಳಿದೆ. ಅಲ್ಲಿ ಪೆಟ್ರೋಲಿಗೂ ಗ್ಯಾಸಿಗೂ ಸಾಲು ನಿಲ್ಲುವ ಕಾಲ ಬಂತು. ಅವನ ಕಾರ್ಖಾನೆ ಮುಚ್ಚಿತು. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಲಸ ಸಿಕ್ಕಿ ನಾವಿಬ್ಬರೂ ಮೊದಲು ಬಂದೆವು, ವರ್ಷದ ಮೇಲೆ ಅಮ್ಮನನ್ನು ಕರೆಸಿಕೊಂಡೆವು. ಅತ್ತೆಯನ್ನು ನಾನು ಅಮ್ಮ ಎಂದೇ ಕರೆಯುವುದು. ಸಿಂಹಳದಲ್ಲೂ ಅಮ್ಮ ಅಮ್ಮನೇ.

ಖಾಸಬಾಗ

ಬೆಳಗಾವಿಯ ಖಾಸಬಾಗದಲ್ಲಿ ನಮ್ಮದು ಮೇಲಿನ ಮನೆ. ಕೆಳಗೆ ಮನೆಯ ಒಡತಿ ಪದ್ಮಕ್ಕ. ತಲೆಮಾರುಗಳಿಂದ ಇದೇ ಓಣಿಯಲ್ಲಿರುವ ಜೈನರು.

ಅಮ್ಮ ಬಂದ ಮೇಲೆ ಮೊದಲ ಹುಣ್ಣಿಮೆಯ ಬೆಳಿಗ್ಗೆ. ಲಂಕೆಯಲ್ಲಿ ಹುಣ್ಣಿಮೆ ಎಂದರೆ ವಿಹಾರಕ್ಕೆ ಹೋಗುವ ದಿನ, ಎಲ್ಲರೂ ಬಿಳಿ ಉಡುತ್ತಾರೆ. ಹೋಗಲು ವಿಹಾರ ಇಲ್ಲವೆಂದು ಗೊತ್ತಿದ್ದರೂ ಅಮ್ಮ ಬಿಳಿ ಸೀರೆ, ಬಿಳಿ ರವಿಕೆ ತೊಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ಹಾಲಿನ ಪಾತ್ರೆ ಹಿಡಿದು ಒಳಗೆ ಬರುತ್ತಿದ್ದ ಪದ್ಮಕ್ಕ ಅಲ್ಲೇ ನಿಂತುಬಿಟ್ಟರು.

"ಯಾರು ತೀರ್ಕೊಂಡ್ರು ತಂಗಿ? ಊರಿಂದ ಫೋನ್ ಬಂತೇನು?"

ನಾನು ಬಿಡಿಸಿ ಹೇಳಿದೆ. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಅಮ್ಮ ಇವತ್ತು ಏನೂ ತಿನ್ನುವುದಿಲ್ಲ ಎಂದಾಗ ಪದ್ಮಕ್ಕನ ಮುಖ ಅರಳಿತು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ. ಉಪವಾಸದ ಲೆಕ್ಕ ಅರ್ಥವಾಗುವ ಇನ್ನೊಬ್ಬರು ಮೇಲಿನ ಮನೆಗೆ ಬಂದರು ಎಂದು ಅವರಿಗೆ ಸಂತೋಷ. ಒಂದೇ ಒಂದು ಅನುಮಾನ ಮಾತ್ರ ಉಳಿದಿತ್ತು.

"ನಿಮ್ಮ ಅತ್ತಿ ಬೌದ್ಧರು ಅಂತೀರಿ. ಮತ್ತ ನಾ ಏನ್ ಹೇಳಿದ್ರೂ ಹರಿ ಹರಿ ಅಂತಾರಲ್ಲ?"

ಸಿಂಹಳದಲ್ಲಿ 'ಹರಿ' ಎಂದರೆ 'ಸರಿ'. ಅದನ್ನು ಹೇಳಿ ನಾವಿಬ್ಬರೂ ನಕ್ಕೆವು. ಏನು ಎಂದು ತಿಳಿಯದಿದ್ದರೂ ಅಮ್ಮನೂ ನಕ್ಕರು. ನಕ್ಕದ್ದಕ್ಕೇ ಅವರಿಗೆ ಉಸಿರು ಕಟ್ಟಿತು. ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು.

ಹೃದಯದ ಕವಾಟ ಕಿರಿದಾಗಿದೆ ಎಂದರು ಡಾಕ್ಟರು. ಆಪರೇಷನ್‌ಗೆ ಮುಂದಿನ ಸೋಮವಾರ ಗೊತ್ತಾಯಿತು. "ಇನ್ನೂ ತಡಾ ಮಾಡಿದ್ರ ನಾ ಏನೂ ಮಾತ ಕೊಡಾಂಗಿಲ್ರಿ," ಎಂದು ಅವರು ಹಾಳೆಗಳನ್ನು ಮುಂದಿಟ್ಟರು. ಅಮ್ಮ ಪೆನ್ನು ಮುಟ್ಟಲಿಲ್ಲ.

"ಪಿರಿತ್ ಕೇಳದೆ ನಾನು ಚಾಕುವಿನ ಕೆಳಗೆ ಮಲಗುವುದಿಲ್ಲ," ಎಂದರು ನನಗೆ. "ನಿಮಲ್ ಹುಟ್ಟುವ ಮುಂಚೆ ಕೇಳಿದ್ದೆ. ಅವನಪ್ಪ ಸಾಯುವಾಗಲೂ ಕೇಳಿಸಿದ್ದೆವು."

ಲಂಕೆಯಲ್ಲಿ ಕಷ್ಟದ ಗಳಿಗೆಗೆ ಮುಂಚೆ ಪಾಳಿ ಸೂತ್ರಗಳನ್ನು ಓದಿಸುತ್ತಾರೆ. ನಡುವೆ ನೀರಿನ ಮಡಕೆ. ಅದಕ್ಕೆ ಕಟ್ಟಿದ ಬಿಳಿ ನೂಲನ್ನು ಕೂತವರೆಲ್ಲ ಹಿಡಿದಿರುತ್ತಾರೆ. ಓದು ಮುಗಿದ ಮೇಲೆ ಆ ನೂಲನ್ನೇ ಹರಿದು ಮುಂಗೈಗೆ ಕಟ್ಟುತ್ತಾರೆ. ಅದೇ ಪಿರಿತ್. ನಿಮಲ್ ತನ್ನೂರಿನ ವಿಹಾರದ ಭಿಕ್ಷುಗಳಿಂದ ಫೋನಿನಲ್ಲೇ ಓದಿಸಿದ. ಅಮ್ಮ ಕೈಮುಗಿದು ಕೇಳಿ, ಮುಗಿದ ಮೇಲೆ ಬರಿಯ ಮುಂಗೈ ಎತ್ತಿ ತೋರಿಸಿದರು. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹೆಸರು ಬಂತು. ಆದರೆ ಅಲ್ಲಿಯ ಪಾಠ ಬೇರೆ, ಈ ಎದೆ ಹೊತ್ತು ಹೋಗಲಾಗದಷ್ಟು ದೂರ ಬೇರೆ. ಅವರ ಬದಲು ತಾನೇ ಸಹಿ ಹಾಕುತ್ತೇನೆ ಎಂದ ನಿಮಲ್. ಎಚ್ಚರವಿರುವ ರೋಗಿಯ ಸಹಿ ಬೇಕೇ ಬೇಕು ಎಂದರು ಡಾಕ್ಟರು.

ಆವತ್ತು ಬುಧವಾರ.

ಶಹಾಪುರ

ಊರೊಳಗೇ ಇರುವ ಶಹಾಪುರದಲ್ಲಿ ಬೌದ್ಧರ ಗುಂಪೊಂದು ಸೇರುತ್ತದೆ ಎಂದು ಪದ್ಮಕ್ಕ ಯಾರಿಂದಲೋ ಕೇಳಿಕೊಂಡು ಬಂದರು. ಗುರುವಾರ ಸಂಜೆ ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಕೆಳಗೆ ಮಗ್ಗಗಳು ಖಟಖಟ ಹೊಡೆಯುತ್ತಿದ್ದವು. ಮೇಲೆ ಗಾಜಿನ ಬಾಗಿಲ ಕೋಣೆ. ಹದಿನಾರು ಮೆಟ್ಟಿಲು. ಅಮ್ಮ ನಾಲ್ಕು ಸಲ ನಿಂತರು.

ಒಳಗೆ ಹತ್ತು ಹನ್ನೆರಡು ಮಂದಿ ಕಣ್ಣು ಮುಚ್ಚಿ ಕೂತಿದ್ದರು. ಪುಟ್ಟ ಬುದ್ಧನ ವಿಗ್ರಹ ನೆಲದ ಮೇಲೇ ಇತ್ತು. ಅದರ ಪಕ್ಕ, ಕುರ್ಚಿಯಲ್ಲಿ, ಕಾಲನ್ನು ವಿಗ್ರಹದ ಕಡೆ ಚಾಚಿ ಒಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಅಮ್ಮ ಆ ಕಾಲನ್ನು ನೋಡಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ಲಂಕೆಯಲ್ಲಿ ಬುದ್ಧನಿಗೆ ಬೆನ್ನು ಹಾಕಿ ಫೋಟೋ ಕೂಡ ತೆಗೆಸಿಕೊಳ್ಳುವುದಿಲ್ಲ. ಆದರೂ ತಂದಿದ್ದ ಮಲ್ಲಿಗೆಯನ್ನು ವಿಗ್ರಹದ ಮುಂದಿಟ್ಟು, ಕಷ್ಟಪಟ್ಟು ನೆಲಕ್ಕೆ ಹಣೆ ಹಚ್ಚಿ, ಅಲ್ಲೇ ಕೂತರು.

ಮೌನ ಶುರುವಾಯಿತು. ಅಮ್ಮನ ಎದೆಯ ಗೊರಗೊರ ಸದ್ದು ಕೋಣೆಯಲ್ಲೆಲ್ಲ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನವರೊಬ್ಬರು ಹಿಂದಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅಮ್ಮನಿಗೆ ಅದು ಅರ್ಥವಾಯಿತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಅವರ ಕಿವಿಯ ಹಿಂದೆ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. ನಾನಾಗಲೇ ಎದ್ದುಬಿಡಬೇಕಿತ್ತು. ಸಂಕೋಚದಿಂದ ಏಳಲಿಲ್ಲ.

ಮುಗಿದ ಮೇಲೆ ಸರ್ ಹತ್ತಿರ ಹೋಗಿ ಪಿರಿತ್ ಬಗ್ಗೆ ಕೇಳಿದೆ. ಅವರು ಸಮಾಧಾನವಾಗಿಯೇ ಉತ್ತರಿಸಿದರು.

"ನೂಲು, ನೀರು, ಮಂತ್ರ ಇವೆಲ್ಲಾ ಆಮೇಲೆ ಸೇರಿಕೊಂಡಿದ್ದು ಮೇಡಂ. ಬುದ್ಧ ಹೇಳಿದ್ದು ಉಸಿರು ನೋಡಿಕೊಳ್ಳಿ ಅಂತ ಅಷ್ಟೇ. ನೀವು ಬನ್ನಿ, ಕಲಿಯಿರಿ. ಅಮ್ಮನವರಿಗೆ ಈ ವಯಸ್ಸಲ್ಲಿ ಬದಲಾಗೋದು ಕಷ್ಟ."

"ಏನಂದರು?" ಎಂದರು ಅಮ್ಮ.

"ಇಲ್ಲಿ ಓದುವುದಿಲ್ಲವಂತೆ," ಎಂದೆ.

ಕೆಳಗಿನ ಮೆಟ್ಟಿಲ ಮೇಲೆ ಅಮ್ಮನನ್ನು ಕೂರಿಸಿ ಆಟೋಗೆ ಕಾಯುತ್ತಿದ್ದಾಗ ಗುಂಪಿನಲ್ಲಿದ್ದ ಒಬ್ಬಳು ಹೆಂಗಸು ಚಪ್ಪಲಿಯನ್ನೂ ಮೆಟ್ಟದೆ ಇಳಿದು ಬಂದಳು. ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳಂತೆ, ಹೆಸರು ರೇಖಾ.

"ಖಾನಾಪುರದಾಗ ನಮ್ಮ ಮಾವಶಿ ಅದಾಳ್ರಿ, ನಮ್ಮವ್ವನ ತಂಗಿ, ಶಾಂತಾಬಾಯಿ. ಅಲ್ಲೆ ನಮ್ಮ ಮಂದಿದು ಸಣ್ಣ ವಿಹಾರ ಐತಿ. ಪಾಳಿಯೊಳಗ ಓದತಾರ. ನೀವು ಹೇಳೂದು ಅವ್ರಿಗೆ ಬರತೈತೋ ಇಲ್ಲೋ ನನಗ ಗೊತ್ತಿಲ್ಲ. ಖರೇ ಅಂದ್ರ, ನಾ ಆ ಕಡೆ ಹೋಗದ ಭಾಳ ದಿವಸ ಆತು."

ಮಾವಶಿಯ ಫೋನ್ ನಂಬರ್ ಕೊಟ್ಟಳು. ಮಾಡಿದೆ. ಯಾರೂ ಎತ್ತಲಿಲ್ಲ.

ಬಸ್ಸಿನಲ್ಲಿ

ಶುಕ್ರವಾರ ಬೆಳಿಗ್ಗೆ ನಿಮಲ್ ಕೆಲಸಕ್ಕೆ ಹೊರಡುವಾಗ ಖಾನಾಪುರದ ಮಾತೆತ್ತಿದೆ. ಅವನು ಶೂ ಕಟ್ಟುತ್ತಿದ್ದವನು ಹಾಗೇ ತಲೆಯೆತ್ತಿದ.

"ಹದಿನಾರು ಮೆಟ್ಟಿಲು ಹತ್ತಿಸಿ ಏನಾಯಿತು ಅಂತ ನೋಡಿದ್ದೀಯ. ಇನ್ನು ಎಲ್ಲಿಗೂ ಬೇಡ. ಸೋಮವಾರ ಬೆಳಿಗ್ಗೆ ನಾನೇ ಹೇಳಿ ಸಹಿ ಹಾಕಿಸುತ್ತೇನೆ."

ಅವನು ಹೋದ ಮೇಲೆ ಅಮ್ಮ ಬಿಳಿ ಸೀರೆ ಉಟ್ಟುಕೊಂಡು ಬಂದು ನನ್ನ ಮುಂದೆ ನಿಂತರು. ಓಣಿಯ ಪರಿಚಯದವರ ಕಾರು ಗೊತ್ತುಮಾಡಿದರೆ ನಿಮಲ್‌ಗೆ ಸುದ್ದಿ ಹೋಗುತ್ತದೆ ಎಂಬ ಹೆದರಿಕೆಯಿಂದ ಬಸ್ಸು ಹಿಡಿದೆ. ನಾನು ಮಾಡಿದ ತಪ್ಪುಗಳಲ್ಲಿ ಅದು ದೊಡ್ಡದು.

ಮೊದಲರ್ಧ ದಾರಿ ಅಮ್ಮ ಕಿಟಕಿಗೆ ಮುಖ ಹಚ್ಚಿ ಕಬ್ಬಿನ ಗದ್ದೆ ನೋಡುತ್ತ, ತೆಂಗಿನ ಮರ ಎಲ್ಲಿ ಎಂದು ಕೇಳುತ್ತ ಬಂದರು. ಆಮೇಲೆ ಮಾತು ನಿಂತಿತು. ನೋಡಿದರೆ ತುಟಿ ನೀಲಿ. ಹಣೆಯಲ್ಲಿ ಬೆವರು. ಜನವರಿಯ ಚಳಿಯಲ್ಲಿ ಬಸ್ಸಿನವರೆಲ್ಲ ಮಫ್ಲರ್ ಸುತ್ತಿಕೊಂಡಿದ್ದರು.

ಕಂಡಕ್ಟರ್ ಓಡಿ ಬಂದ. "ಇಳಸೂಣೇನ್ರಿ? ಗಾಡಿ ಹೊಳ್ಳಸ್ಲಿ?"

"ಹರಿ, ಹರಿ," ಎಂದರು ಅಮ್ಮ, ಕಣ್ಣು ಮುಚ್ಚಿಯೇ.

"ದೇವರ ಹೆಸರು ತಗೊಳ್ಳಾಕತ್ತಾರ, ನೀರ ಕೊಡ್ರಿ," ಎಂದು ಹಿಂದಿನ ಸೀಟಿನಿಂದ ಒಬ್ಬರು ಬಾಟಲಿ ಚಾಚಿದರು. ನಾನು ಸರಿಪಡಿಸಲು ಹೋಗಲಿಲ್ಲ. ಡಾಕ್ಟರು ಕೊಟ್ಟಿದ್ದ ಮಾತ್ರೆ ನುಂಗಿಸಿ ಅಮ್ಮನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡೆ. ಅವರ ನಾಡಿ ನನ್ನ ಬೆರಳಿಗೆ ಸಿಗುವುದು, ಮತ್ತೆ ತಪ್ಪುವುದು. ಈ ಬಸ್ಸಿನಲ್ಲಿ ಏನಾದರೂ ಆದರೆ ನಿಮಲ್‌ಗೆ ಯಾವ ಭಾಷೆಯಲ್ಲಿ ಹೇಳಲಿ? ಖಾನಾಪುರದ ಬಸ್ ಸ್ಟ್ಯಾಂಡ್ ಬರುವವರೆಗೂ ಇದೊಂದೇ ಯೋಚನೆ.

ಖಾನಾಪುರ

ಇಳಿದ ಮೇಲೆ ತುಟಿಗೆ ಬಣ್ಣ ಬಂತು. ಆಟೋದವನಿಗೆ ವಿಹಾರ ಗೊತ್ತಿತ್ತು. ಮಲಪ್ರಭೆಯ ಕಡೆಗೆ ಇಳಿಯುವ ಓಣಿಯ ಕೊನೆಯಲ್ಲಿ ಒಂದು ಕೋಣೆ, ತಗಡಿನ ಮಾಡು, ಬೌದ್ಧರ ಐದು ಬಣ್ಣದ ಪಂಚಶೀಲದ ಬಾವುಟ. ಬಾಗಿಲಿಗೆ ಬೀಗ.

ಎದುರು ಮನೆಯಲ್ಲಿ ಸಂಡಿಗೆ ಹಾಕುತ್ತಿದ್ದವಳು ಮರಾಠಿಯಲ್ಲಿ ಏನೋ ಹೇಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದಳು. "ಮಾವಶಿ ತಾಲೂಕ ಕಚೇರಿಗೆ ಹೋಗ್ಯಾಳ್ರಿ. ಕುಂದರ್ರಿ."

ಒಂದು ಗಂಟೆ ಕಟ್ಟೆಯ ಮೇಲೆ ಕೂತೆವು. ನಿಮಲ್‌ನಿಂದ ಒಂದಾದ ಮೇಲೊಂದು ಫೋನು. ಎತ್ತುವ ಧೈರ್ಯ ಬರಲಿಲ್ಲ. ಕೊನೆಗೆ 'ಖಾನಾಪುರದಲ್ಲಿದ್ದೇವೆ, ಅಮ್ಮ ಚೆನ್ನಾಗಿದ್ದಾರೆ' ಎಂದು ಓಣಿಯ ಗುರುತಿನೊಂದಿಗೆ ಬರೆದು ಕಳಿಸಿದೆ. ಅದರಲ್ಲಿ ಮೊದಲರ್ಧ ಮಾತ್ರ ನಿಜ.

ಶಾಂತಾಬಾಯಿ ಬಂದರು. ಅರವತ್ತು ದಾಟಿದ, ಎತ್ತರದ ಹೆಂಗಸು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಹೇಳುವುದನ್ನೆಲ್ಲ ಕೇಳಿದರು, ಬೀಗ ತೆಗೆಯಲಿಲ್ಲ.

"ಮೊಬೈಲ್ ಚೀಲದಾಗ ಇಡ್ರಿ ಮೊದಲ," ಎಂದರು. "ಹೋದ ತಿಂಗಳ ಇಬ್ಬರು ಹಿಂಗ ಭಕ್ತಿಲೆ ಬಂದು ವಿಡಿಯೋ ಮಾಡ್ಕೊಂಡ ಹೋದ್ರು. ಆಮ್ಯಾಲ ನಮ್ಮ ಬಗ್ಗೆ ಏನೇನ ಬರದ್ರು, ಓದಾಕ ನಾಚಿಕಿ ಆಗತೈತಿ."

ಫೋನು ಚೀಲಕ್ಕೆ ಹೋಯಿತು. ಬೀಗ ತೆರೆಯಿತು.

ಒಳಗೆ ಎತ್ತರದ ಪೀಠದ ಮೇಲೆ ಬುದ್ಧ. ಅಮ್ಮನ ಮುಖ ಎಷ್ಟೋ ದಿನಗಳ ಮೇಲೆ ಸಡಿಲವಾಯಿತು. ಮರುಗಳಿಗೆ ಅವರ ಕಣ್ಣು ಪಕ್ಕಕ್ಕೆ ಹೋಗಿ ನಿಂತಿತು. ಅಲ್ಲಿ, ಅಷ್ಟೇ ಎತ್ತರಕ್ಕೆ, ಅಷ್ಟೇ ದೊಡ್ಡ ಹಾರ ಹಾಕಿದ ಫೋಟೋ. ನೀಲಿ ಕೋಟು, ದುಂಡು ಕನ್ನಡಕ, ಕೈಯಲ್ಲಿ ಪುಸ್ತಕ. ಯಾರೆಂದು ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ.

"ಇವರು ಭಿಕ್ಷುವೇ?" ಎಂದರು ಅಮ್ಮ. "ಬುದ್ಧನ ಪಕ್ಕ ಏಕಿಟ್ಟಿದ್ದಾರೆ?"

ಭಾಷೆ ಬಾರದಿದ್ದರೂ ಶಾಂತಾಬಾಯಿಗೆ ಪ್ರಶ್ನೆ ತಿಳಿಯಿತು. "ಫೋಟೋ ಅಡ್ಡಿ ಆತೇನು ಅಮ್ಮಾರಿಗೆ?" ಎಂದರು. ದನಿ ಗಡುಸಾಗಿತ್ತು.

"ಇಲ್ಲ, ಯಾರು ಅಂತ ಕೇಳ್ತಿದ್ದಾರೆ."

"ಹಂಗಾದ್ರ ಹೇಳ್ರಿ. ನಮ್ಮ ಅಜ್ಜಗ ಊರಾಗಿನ ಯಾವ ಗುಡಿಯೊಳಗೂ ಬಿಡ್ತಿರಲಿಲ್ಲ. ಬಾವ್ಯಾಗಿನ ನೀರ ಮುಟ್ಟಾಕ ಬಿಡ್ತಿರಲಿಲ್ಲ. ಇವರು ಬಂದು, ನೀವೂ ಮನಷ್ಯಾರು ಅಂತ ಹೇಳಿ, ನಮ್ಮನ್ನ ಬುದ್ಧನ ಮನಿಗೆ ಕರಕೊಂಡ ಬಂದ್ರು. ಇವರಿಲ್ದ ನಮಗ ಬುದ್ಧ ಎಲ್ಲಿಂದ ಸಿಗತಿದ್ದ?"

ನಾನು ಸಿಂಹಳಕ್ಕೆ ತಿರುಗಿಸಿದೆ. ಬಾವಿಯ ಮಾತಿಗೆ ಬಂದಾಗ ಅಮ್ಮ ನನ್ನನ್ನು ತಡೆದು, ಸರಿಯಾಗಿ ಕೇಳಿಸಿತೇ ಎನ್ನುವಂತೆ ಎರಡು ಸಲ ಹೇಳಿಸಿದರು. ಆಮೇಲೆ ಬುದ್ಧನಿಗೆ ನಮಸ್ಕರಿಸಿದರು. ಫೋಟೋಗೆ ನಮಸ್ಕರಿಸಲಿಲ್ಲ. ಸುಮ್ಮನೆ ಅದರ ಮುಂದೆ ಹೋಗಿ ನಿಂತು, ಬಹಳ ಹೊತ್ತು ನೋಡಿದರು. ಶಾಂತಾಬಾಯಿ ಅವರನ್ನೇ ನೋಡುತ್ತಿದ್ದರು.

ನಾನು ಅವಸರವಾಗಿ ಪಿರಿತ್ ಮಾತು ತೆಗೆದೆ.

"ಪಿರೀತ? ಅಂಥಾದ್ದೇನೂ ನಮ್ಮಲ್ಲಿ ಇಲ್ರಿ," ಎಂದು ಅವರು ತಲೆಯಾಡಿಸಿದರು. "ಹೆಸರ ಕೇಳಿಲ್ಲ."

ಇಷ್ಟು ದೂರ ಬಂದದ್ದಕ್ಕೆ ಇದೇ ಉತ್ತರ. ನನಗೆ ಅಳು ಬಂತು. ಅಮ್ಮ ಅಳಲಿಲ್ಲ. ಮೂಲೆಯಲ್ಲಿದ್ದ ತಾಮ್ರದ ತಂಬಿಗೆ ತಂದು ನಡುವೆ ಇಟ್ಟರು. ಸೆರಗಿನ ಅಂಚಿನಿಂದ ಒಂದು ಎಳೆ ಎಳೆದು ತಂಬಿಗೆಯ ಕೊರಳಿಗೆ ಸುತ್ತಿದರು. ಇನ್ನೊಂದು ತುದಿಯನ್ನು ಶಾಂತಾಬಾಯಿಯ ಕೈಗೆ ಕೊಟ್ಟು, ಬಾಯಿಪಾಠವಾಗಿದ್ದ ಸೂತ್ರದ ಮೊದಲ ಸಾಲು ಹೇಳಿದರು.

"ಅಯ್ಯ ನಮ್ಮವ್ವ!" ಶಾಂತಾಬಾಯಿ ಹಣೆ ಬಡಿದುಕೊಂಡರು. "ಪರಿತ್ರಾಣ ಪಾಠ ಅನ್ರೀ! ಅದಕ್ಕ ಇಷ್ಟ ತಿರಗ್ಯಾಡೀರಿ? ಹೊಸಾ ಮನಿ ಹೊಗುವಾಗ, ಜಡ್ಡಾದಾಗ, ಎಲ್ಲಾ ಮಾಡಸ್ತೀವಿ ನಾವು."

ಎರಡೂ ಒಂದೇ ಮಾತು, ಒಂದೇ ಪಾಳಿ. ಹೆಸರು ಮಾತ್ರ ಒಂದೊಂದು ಊರಿನಲ್ಲಿ ಒಂದೊಂದು ಥರ ಸವೆದಿತ್ತು.

ಕಷ್ಟ ಮುಗಿಯಲಿಲ್ಲ. "ಭಿಕ್ಷು ಎಷ್ಟು ಹೊತ್ತಿಗೆ ಬರುತ್ತಾರೆ?" ಎಂದರು ಅಮ್ಮ. ಇಲ್ಲಿಯವರು ಭಂತೇಜಿ ಎನ್ನುವ ಭಿಕ್ಷು ಬರುವುದು ಮಳೆಗಾಲದಲ್ಲಿ ಮಾತ್ರ, ಇಲ್ಲಿ ಓದುವವರು ಓಣಿಯ ಹೆಂಗಸರೇ. ಇದನ್ನು ಹೇಳಿದಾಗ ಅಮ್ಮನ ಕೈಯಿಂದ ನೂಲು ಜಾರಿತು. ಭಿಕ್ಷು ಕಟ್ಟದ ನೂಲನ್ನು ಅವರು ಜನ್ಮದಲ್ಲಿ ಕಟ್ಟಿಸಿಕೊಂಡವರಲ್ಲ. ಗೋಡೆ ಹಿಡಿದು ಎದ್ದರು. ಎರಡು ಹೆಜ್ಜೆ ಇಟ್ಟರು, ಮೂರನೆಯದಕ್ಕೆ ಉಸಿರು ಸಾಲಲಿಲ್ಲ. ಶಾಂತಾಬಾಯಿ ನನಗಿಂತ ಮೊದಲು ಹೋಗಿ ಅವರನ್ನು ತಬ್ಬಿ ಹಿಡಿದು, ನೆಲದ ಮೇಲೆ ಕೂತು, ತಮ್ಮ ಎದೆಗೆ ಒರಗಿಸಿಕೊಂಡರು.

"ಮೆತ್ತಗ, ಮೆತ್ತಗ. ನನ್ನ ಜೋಡಿ ಉಸುರ ತಗೋರಿ." ಅಮ್ಮನಿಗೆ ಒಂದಕ್ಷರವೂ ತಿಳಿಯಲಿಲ್ಲ. ಬೆನ್ನ ಹಿಂದಿನ ಎದೆ ಏರಿಳಿದಂತೆ ಅವರದೂ ಏರಿಳಿಯಿತು. "ಭಂತೇಜಿ ಇಲ್ಲ ಖರೇ. ನಾವ್ ಅದೀವಲ್ಲ. ಹೇಳ್ರಿ ಆಕಿಗೆ."

ಹೇಳಿದೆ. ಅಮ್ಮ ಕಣ್ಣು ತೆರೆಯದೆಯೇ, ಜಾರಿಬಿದ್ದ ನೂಲಿಗಾಗಿ ನೆಲವನ್ನು ತಡವಿದರು. ಆಮೇಲೆ, "ಇವರನ್ನೇ ಓದಲು ಹೇಳು," ಎಂದರು.

ಸಂಡಿಗೆಯವಳು ಕೈ ತೊಳೆದು ಬಂದಳು. ಇನ್ನೂ ನಾಲ್ವರು ಬಂದರು. ಬಿಳಿ ದಾರದ ಉಂಡೆ, ಮರಾಠಿ ಅಕ್ಷರದ ಸಣ್ಣ ಪುಸ್ತಕಗಳು. ಅವರ ರಾಗ ಚುರುಕು, ಅಮ್ಮನದು ನಿಧಾನ. ಮೊದಲ ಸೂತ್ರವೆಲ್ಲ ಒಬ್ಬರ ಕಾಲು ಒಬ್ಬರು ತುಳಿದಂತೆ ಹೋಯಿತು. ಎರಡನೆಯದರಲ್ಲಿ ಆ ಹೆಂಗಸರು ನಿಧಾನ ಮಾಡಿದರು. ಒಂದು ಕಡೆ ಅವರು ಒಂದು ಪದ್ಯ ಹಾರಿಸಿದಾಗ ಅಮ್ಮ ಬೆರಳೆತ್ತಿ ನಿಲ್ಲಿಸಿದರು. ಪುಸ್ತಕ ನೋಡಿ, ಎರಡು ಹಾಳೆ ಒಟ್ಟಿಗೆ ತಿರುವಿದ್ದೇವೆ ಎಂದು ಅವರು ನಾಲಿಗೆ ಕಚ್ಚಿಕೊಂಡರು.

ಆಗ ಬಾಗಿಲಲ್ಲಿ ನಿಮಲ್. ಯಾರದೋ ಬೈಕು ತೆಗೆದುಕೊಂಡು ಹೆಲ್ಮೆಟ್ ಕೈಯಲ್ಲೇ ಹಿಡಿದು ಬಂದಿದ್ದ. ಮುಖ ಕೆಂಡವಾಗಿತ್ತು. ಬಾಯಿ ತೆರೆದ. ಅಮ್ಮ ಓದು ನಿಲ್ಲಿಸದೆ ಅವನನ್ನು ಒಮ್ಮೆ ನೋಡಿದರು. ಅವನು ಬಾಯಿ ಮುಚ್ಚಿ ಚಪ್ಪಲಿಗಳ ನಡುವೆ ಹೊಸ್ತಿಲ ಮೇಲೆ ಕೂತ. ನನ್ನ ಜೊತೆ ಅವನು ಮತ್ತೆ ಮಾತಾಡಿದ್ದು ಭಾನುವಾರ ಸಂಜೆ.

ಕೊನೆಗೆ ಶಾಂತಾಬಾಯಿ ನೂಲನ್ನು ಅಮ್ಮನ ಮುಂಗೈಗೆ ಕಟ್ಟಿದರು. ತಾನು ಯಾವತ್ತೂ ಯಾರಿಗೂ ಕಟ್ಟಿದವಳಲ್ಲ ಎಂದು ನನಗೆ ಆಮೇಲೆ ಹೇಳಿದರು.

ಆಸ್ಪತ್ರೆ

ಸೋಮವಾರ ಬೆಳಿಗ್ಗೆ ಅಮ್ಮ ಸಹಿ ಹಾಕಿದರು. ಒಳಗೆ ಕರೆದೊಯ್ಯಲು ಬಂದ ನರ್ಸ್ ಬಳೆ ತೆಗೆಸಿ, ನೂಲನ್ನು ನೋಡಿ ಕತ್ತರಿ ತೆಗೆದಳು.

"ಇದು ನಡ್ಯಂಗಿಲ್ರಿ. ಕೈಮ್ಯಾಲ ಏನೂ ಇರಬಾರದು."

ಅಮ್ಮ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿದರು. ನೂಲು ತೆಗೆಯಲು ನಿಮಲ್ ಅಮ್ಮನನ್ನು ಸಿಂಹಳದಲ್ಲಿ ಬೇಡಿಕೊಂಡ. ನಾನು ನರ್ಸ್‌ಗೆ ಕನ್ನಡದಲ್ಲಿ ಬೇಡಿಕೊಂಡೆ. ಎರಡೂ ನಡೆಯಲಿಲ್ಲ. ಸ್ಟ್ರೆಚರ್ ಬಾಗಿಲಲ್ಲೇ ನಿಂತಿತು. ಒಳಗಿನಿಂದ ಯಾರೋ ಕೂಗಿ ಕರೆದರು.

ಮೊದಲ ಬಸ್ಸಿಗೆ ಬಂದು ನಮ್ಮ ಹಿಂದೆ ನಿಂತಿದ್ದ ಶಾಂತಾಬಾಯಿ ಮುಂದೆ ಬಂದು ತಮ್ಮ ಬಲಗೈ ಚಾಚಿದರು. ಗಂಟು ಬಿಚ್ಚಿ ಇದಕ್ಕೆ ಕಟ್ಟು ಎಂದು ಸನ್ನೆ ಮಾಡಿದರು. ಅಮ್ಮ ಅವರ ಮುಖ ನೋಡಿದರು. ಮಲಗಿದಲ್ಲಿಂದಲೇ, ಒಂದೇ ಕೈಯ ಬೆರಳುಗಳಲ್ಲಿ, ಗಂಟು ಬಿಚ್ಚಿದರು. ಕಟ್ಟಲು ನಾನು ನೆರವಾದೆ. ಬಾಗಿಲು ಮುಚ್ಚಿತು.

ಆಪರೇಷನ್ ಐದು ಗಂಟೆ ಹಿಡಿಯುತ್ತದೆ ಎಂದಿದ್ದರು. ಆರು ದಾಟಿತು. ಪದ್ಮಕ್ಕ ಡಬ್ಬಿಯಲ್ಲಿ ಅವಲಕ್ಕಿ ತಂದರು, ಯಾರೂ ಮುಟ್ಟಲಿಲ್ಲ. ಖಾನಾಪುರದ ಇನ್ನೂ ಮೂವರು ಬಂದು ಬೆಂಚಿನ ಮೇಲೆ ಕೂತರು. ಶಹಾಪುರದ ರೇಖಾ ಅಂಗಡಿಗೆ ರಜೆ ಹಾಕಿ ಬಂದು, ಮಾವಶಿಯ ಪಕ್ಕ ಜಾಗ ಮಾಡಿಕೊಂಡಳು. ನಿಮಲ್ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಏಳನೆಯ ಗಂಟೆಗೆ ಬಾಗಿಲು ತೆರೆದು ಮಾಸ್ಕ್ ಹಾಕಿದ ನರ್ಸ್ ತಲೆ ಹೊರಹಾಕಿದಳು.

"ಸೋಮಾವತಿ ಕಡೆಯವರು ಯಾರ್ರೀ?"

ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೇ ಎದ್ದು ನಿಂತರು. ನರ್ಸ್ ಒಬ್ಬೊಬ್ಬರನ್ನೂ ನೋಡಿದಳು.

"ಇಷ್ಟೂ ಮಂದಿ ಮನಿಯವ್ರೇನು?"

"ಹೌದ್ರಿ," ಎಂದರು ಶಾಂತಾಬಾಯಿ. "ಹೇಳ್ರಿ."

"ಆರಾಮ ಅದಾರ. ಉಸುರ ತಾವಾ ತಗೊಳ್ಳಾಕತ್ತಾರ. ಒಬ್ಬರು ಒಳಗ ಬರ್ರಿ."

ನಿಮಲ್ ಮುಂದೆ ಹೋದವನು ತಿರುಗಿ, ನೂಲು ಕಟ್ಟಿದ ಆ ಮುಂಗೈ ನೋಡಿ, ಶಾಂತಾಬಾಯಿಗೆ ದಾರಿ ಬಿಟ್ಟ.